‘ನಾಟ್ ಬ್ಯಾಡ್’ ಅಂದರೆ ಎಷ್ಟು ಚೆನ್ನಾಗಿದೆ ಅಂತ? ಈ ಅಲಂಕಾರಕ್ಕೆ ಕನ್ನಡದಲ್ಲಿ ಹೆಸರೇನು?

ಎಲ್ಲರಿಗೂ ನಮಸ್ಕಾರ.

ಇಂಗ್ಲಿಷ್ ಕತೆಯೊಂದನ್ನು ಕನ್ನಡಕ್ಕೆ ತರುತ್ತಿದ್ದೇನೆ. ಅದರಲ್ಲಿ ‘ಹಿ ಡಿಡಂಟ್ ಹಾಫ್ ಶೌಟ್’ ಅಂತ ಒಂದು ವಾಕ್ಯ. ‘ಅವನು ಅರ್ಧದಷ್ಟೂ ಕೂಗಲಿಲ್ಲ’ ಅಂತ ಬರೆದು ಮುಂದೆ ಹೋಗಿಬಿಟ್ಟೆ. ಎರಡು ಪುಟ ಆದಮೇಲೆ ನೋಡಿದರೆ ಪಕ್ಕದ ಮನೆಯವರು ಆ ಕೂಗಾಟದ ಬಗ್ಗೆಯೇ ದೂರು ಹೇಳಲು ಬಂದಿದ್ದಾರೆ! ಕೂಗದೇ ಇದ್ದವನ ಮೇಲೆ ದೂರು ಯಾಕೆ ಅಂತ ತಲೆ ಕೆರೆದುಕೊಂಡು ಹಿಂದಕ್ಕೆ ಹೋಗಿ ಹುಡುಕಿದಾಗ ಗೊತ್ತಾಯಿತು, ಬ್ರಿಟಿಷರ ಆಡುಮಾತಿನಲ್ಲಿ ಅದರ ಅರ್ಥ ಪೂರಾ ತಿರುವುಮುರುವು. ಅವನು ಸಿಕ್ಕಾಪಟ್ಟೆ ಕೂಗಾಡಿದ ಅಂತ. ‘ನಾಟ್ ಹಾಫ್ ಬ್ಯಾಡ್’ ಅಂದರೂ ಅಷ್ಟೆ, ಅರ್ಧ ಕೆಟ್ಟಿದೆ ಅಂತ ಅಲ್ಲ, ಚೆನ್ನಾಗೇ ಇದೆ ಅಂತ.

ರೂಪಕ, ಉಪಮೆ ಬಂದರೆ ನನಗೆ ಭಯವಿಲ್ಲ. ‘ಅವನು ಸಿಂಹ’ ಅಂದರೆ ಯಾರೂ ಬಾಲ ಹುಡುಕುವುದಿಲ್ಲ. ನುಡಿಗಟ್ಟು ಬಂದರೂ ಇದು ನೇರ ಮಾತಲ್ಲ ಅಂತ ವಾಸನೆ ಹೊಡೆಯುತ್ತದೆ, ಪದಕೋಶ ತೆಗೆದರೆ ಸಿಗುತ್ತದೆ. ಕಷ್ಟ ಇರುವುದು ಈ ‘ಅಲ್ಲ’ ಹಾಕಿ ‘ಹೌದು’ ಅನ್ನುವ ಜಾತಿಯಲ್ಲಿ. ಇದು ಮಫ್ತಿಯಲ್ಲಿ ಬರುವ ಅಲಂಕಾರ. ನೇರ ಮಾತಿನ ಹಾಗೇ ಕಾಣುತ್ತದೆ.

ಇಂಗ್ಲಿಷಿನಲ್ಲಿ ಇದಕ್ಕೆ ಎರಡು ಹೆಸರಿವೆ. ಒಂದು ಲೈಟೊಟೀಸ್, ಎದುರು ಪದವನ್ನು ಅಲ್ಲಗಳೆದು ಹೇಳುವುದು. ‘ನಾಟ್ ಬ್ಯಾಡ್’ ಅದೇ. ಸರಳ, ಸಾದಾ ಅನ್ನುವ ಅರ್ಥದ ಗ್ರೀಕ್ ಮಾತಿನಿಂದ ಬಂದದ್ದು. ಇನ್ನೊಂದು ಮಿಯೋಸಿಸ್, ದೊಡ್ಡದನ್ನು ಬೇಕೆಂದೇ ಚಿಕ್ಕದು ಮಾಡಿ ಹೇಳುವುದು. ಅಟ್ಲಾಂಟಿಕ್ ಸಾಗರವನ್ನು ‘ದಿ ಪಾಂಡ್’ ಅಂದರೆ ಕೊಳ ಅನ್ನುತ್ತಾರಲ್ಲ, ಅದು. (ಜೀವಶಾಸ್ತ್ರದ ಮಿಯೋಸಿಸ್ ಕೂಡ ಇದೇ ಪದ, ಕಮ್ಮಿ ಮಾಡುವುದು ಅಂತ. ಅಲ್ಲಿ ಕ್ರೋಮೋಸೋಮುಗಳು ಅರ್ಧಕ್ಕೆ ಇಳಿಯುತ್ತವೆ.)

ಎರಡೂ ಒಟ್ಟಿಗೆ ಬೇಕೆಂದರೆ 1982ರ ಜೂನ್ 24ರ ಒಂದು ಪ್ರಕಟಣೆ ನೋಡಿ. ಬ್ರಿಟಿಷ್ ಏರ್‌ವೇಸಿನ ಬೋಯಿಂಗ್ 747 ಇಂಡೋನೇಷ್ಯಾದ ಗಾಲುಂಗುಂಗ್ ಜ್ವಾಲಾಮುಖಿ ಉಗುಳಿದ ಬೂದಿಯೊಳಗೆ ಹೊಕ್ಕಿತ್ತು. ನಾಲ್ಕು ಎಂಜಿನ್‌ಗಳೂ ನಿಂತುಹೋದವು. ಆಗ ಕ್ಯಾಪ್ಟನ್ ಎರಿಕ್ ಮೂಡಿ ಮೈಕಿನಲ್ಲಿ ಹೇಳಿದ್ದು ಹೆಚ್ಚುಕಮ್ಮಿ ಹೀಗೆ: ನಮಗೊಂದು ಸಣ್ಣ ತೊಂದರೆಯಾಗಿದೆ, ನಾಲ್ಕೂ ಎಂಜಿನ್ ನಿಂತಿವೆ, ಮತ್ತೆ ಶುರು ಮಾಡಲು ಹೆಣಗುತ್ತಿದ್ದೇವೆ, ನಿಮಗೆ ತೀರಾ ಸಂಕಟವೇನೂ ಆಗುತ್ತಿಲ್ಲ ಅಂದುಕೊಂಡಿದ್ದೇನೆ. ‘ಸಣ್ಣ ತೊಂದರೆ’ ಮಿಯೋಸಿಸ್, ‘ತೀರಾ ಸಂಕಟವೇನೂ ಆಗುತ್ತಿಲ್ಲ’ ಲೈಟೊಟೀಸಿನ ಧಾಟಿ. ಎಂಜಿನ್‌ಗಳು ಮತ್ತೆ ಓಡಿದವು, ವಿಮಾನ ಜಕಾರ್ತಾದಲ್ಲಿ ಇಳಿಯಿತು, 263 ಜನರೂ ಉಳಿದರು. ಇದನ್ನು ಅನುವಾದಿಸುವಾಗ ‘ಭಾರೀ ತೊಂದರೆ’ ಅಂತ ತಿದ್ದಿದರೆ ನಿಜ ಹೇಳಿದಂತಾಗುತ್ತದೆ, ಆದರೆ ಆ ಮನುಷ್ಯನ ದನಿಯೇ ಹೊರಟುಹೋಗುತ್ತದೆ.

ಇಂಥದ್ದರಲ್ಲಿ ಇಂಗ್ಲಿಷಿನವರೂ ಎಡವುತ್ತಾರೆ. 1951ರಲ್ಲಿ, ಕೊರಿಯಾ ಯುದ್ಧದ ಇಮ್ಜಿನ್ ನದಿಯ ಕಾಳಗದಲ್ಲಿ, ಬ್ರಿಟಿಷ್ ಬ್ರಿಗೇಡಿಯರ್ ಒಬ್ಬರು ಬಲು ಇಕ್ಕಟ್ಟಿನಲ್ಲಿದ್ದೇವೆ ಅನ್ನುವುದಕ್ಕೆ ‘ಪರಿಸ್ಥಿತಿ ಸ್ವಲ್ಪ ಅಂಟಂಟಾಗಿದೆ’ (‘ಸ್ಟಿಕಿ’) ಅನ್ನುವ ಅರ್ಥದ ಮಾತು ಹೇಳಿದ್ದನ್ನು ಅಮೆರಿಕದ ಜನರಲ್ ಹಾಗೆ ಹಾಗೇ ನಂಬಿಬಿಟ್ಟರು, ಹಾಗಾದರೆ ಸಂಭಾಳಿಸಬಹುದು ಅಂದುಕೊಂಡರು ಅಂತ ಕತೆ ಹೇಳುವುದುಂಟು. ‘ಕ್ವೈಟ್ ಗುಡ್’ ಕೂಡ ಹಾಗೇ: ಅಮೆರಿಕದಲ್ಲಿ ಬಹಳ ಚೆನ್ನ, ಬ್ರಿಟನ್ನಿನಲ್ಲಿ ಎಷ್ಟೋ ಸಲ ಸುಮಾರು.

ಇನ್ನೊಂದು ಉದಾಹರಣೆ ನನಗೆ ತುಂಬ ಇಷ್ಟ. 1953ರಲ್ಲಿ ವಾಟ್ಸನ್ ಮತ್ತು ಕ್ರಿಕ್ ಡಿಎನ್‌ಎ ರಚನೆ ವಿವರಿಸಿದ ಪುಟ್ಟ ಲೇಖನದ ಕೊನೆಯ ಹತ್ತಿರ ‘ಇಟ್ ಹ್ಯಾಸ್ ನಾಟ್ ಎಸ್ಕೇಪ್ಡ್ ಅವರ್ ನೋಟಿಸ್’ ಅಂತ ಶುರುವಾಗುವ ವಾಕ್ಯವಿದೆ. ಜೀವ ತನ್ನನ್ನು ತಾನೇ ನಕಲು ಮಾಡಿಕೊಳ್ಳುವ ದಾರಿ ಇದೇ ಇರಬಹುದು ಅನ್ನುವಷ್ಟು ದೊಡ್ಡ ಮಾತು ಅದರ ಹಿಂದಿದೆ. ‘ನಮ್ಮ ಗಮನಕ್ಕೆ ಬಂದಿದೆ’ ಅಂದರೆ ಕಚೇರಿಯ ನೋಟಿಸಿನ ಹಾಗೆ ಸಪ್ಪೆ. ‘ನಮ್ಮ ಕಣ್ಣು ತಪ್ಪಿಲ್ಲ’ ಅಂದರೆ ಆ ಕಳ್ಳನಗೆ ಕನ್ನಡಕ್ಕೂ ಬರುತ್ತದೆ, ಅಲ್ವಾ?

ಹಾಗೆ ನೋಡಿದರೆ ಕನ್ನಡಕ್ಕೆ ಈ ವರಸೆ ಹೊಸದೇನಲ್ಲ. (ಈಗ ನಾನು ಮಾಡಿದ್ದೂ ಅದೇ.) ‘ಆಸಾಮಿ ಸಾಮಾನ್ಯದವನಲ್ಲ’, ‘ಇವಳೇನು ಕಮ್ಮಿ ಇಲ್ಲ’, ‘ಅದು ಸಣ್ಣ ಮಾತಲ್ಲ’ ದಿನಾ ಕೇಳುತ್ತೇವೆ. ‘ಪರವಾಗಿಲ್ಲ’ ಅನ್ನುವುದನ್ನಂತೂ ‘ನಾಟ್ ಬ್ಯಾಡ್’ನ ಅಣ್ಣನೋ ತಮ್ಮನೋ ಅನ್ನಬಹುದು. ಚಪ್ಪಟೆ ದನಿಯಲ್ಲಿ ‘ಪರವಾಗಿಲ್ಲ’ ಅಂದರೆ ಏನೋ ನಡೆಯುತ್ತದೆ ಅಂತ. ಹುಬ್ಬೇರಿಸಿ ‘ಪರವಾಗಿಲ್ವೇ!’ ಅಂದರೆ ಭೇಷ್ ಅಂತ. ಆದರೆ ಕಾಗದದ ಮೇಲೆ ಹುಬ್ಬು ಕಾಣುವುದಿಲ್ಲ. ನನ್ನ ಅನುವಾದದಲ್ಲಿ ಮುದುಕನೊಬ್ಬ ಮಗಳ ಚಿತ್ರವನ್ನು ಬಹಳ ಹೊತ್ತು ನೋಡಿ ‘ನಾಟ್ ಬ್ಯಾಡ್’ ಅನ್ನುತ್ತಾನೆ, ಅಷ್ಟೇ. ಅವನ ಬಾಯಲ್ಲಿ ಅದು ಅತಿ ದೊಡ್ಡ ಹೊಗಳಿಕೆ. ಸದ್ಯಕ್ಕೆ ‘ಪರವಾಗಿಲ್ವೇ’ ಅಂತ ಹಾಕಿದ್ದೇನೆ. ಅಚ್ಚರಿ ಜಾಸ್ತಿಯಾಯಿತೇನೋ, ಮಗಳ ಮೇಲೆ ಮೊದಲು ನಂಬಿಕೆಯೇ ಇರಲಿಲ್ಲವೇನೋ ಅನ್ನಿಸುತ್ತದೆ. ‘ಕೆಟ್ಟದ್ದೇನಲ್ಲ’ ಅಂದರೆ ಬೈದ ಹಾಗೆ. ‘ತೆಗೆದುಹಾಕೋ ಹಾಗಿಲ್ಲ’ ಅಂತ ಒಂದು ಹೊಳೆದಿದೆ, ಅದು ಹೆಚ್ಚು ಒಪ್ಪುತ್ತದೆ ಅಂತ ನನ್ನ ಲೆಕ್ಕ.

ಇನ್ನು ಹೆಸರಿನ ವಿಚಾರ. ಇದಕ್ಕೆ ಎದುರಾದ ಹೈಪರ್‌ಬೊಲಿಗೆ ಅನೇಕರು ‘ಉತ್ಪ್ರೇಕ್ಷೆ’ ಅಂತ ಬರೆಯುತ್ತಾರೆ. ಮಾತಿನಲ್ಲಿ ಅದು ಸರಿ, ಆದರೆ ವ್ಯಾಕರಣದ ಉತ್ಪ್ರೇಕ್ಷೆ ಬೇರೆ. ಶಾಲೆಯಲ್ಲಿ ಬಾಯಿಪಾಠ ಮಾಡಿದ ಅಚ್ಛೋದ ಸರೋವರ ನೆನಪಿದೆಯಾ? ಅದು ರನ್ನಗನ್ನಡಿಯೋ ಎಂಬಂತೆ ಹೊಳೆಯುವುದು ಕಲ್ಪನೆ, ಹಿಗ್ಗಿಸಿ ಹೇಳಿದ್ದಲ್ಲ. ಹಿಗ್ಗಿಸುವುದಕ್ಕೆ ‘ಅತಿಶಯೋಕ್ತಿ’ಯೇ ಸರಿ. ಹಾಗಾದರೆ ಕುಗ್ಗಿಸುವುದಕ್ಕೆ? ‘ಮಿತೋಕ್ತಿ’ ನನಗೆ ಹಿಡಿಸದು, ಅದು ಕಮ್ಮಿ ಮಾತಾಡುವುದು, ಕಮ್ಮಿ ಮಾಡಿ ಮಾತಾಡುವುದಲ್ಲ. ‘ನ್ಯೂನೋಕ್ತಿ’ ಅಂದರೆ ಮಾತಿನಲ್ಲೇ ಏನೋ ಕೊರತೆ ಇದೆ ಅನ್ನಿಸುತ್ತದೆ. ‘ತಗ್ಗುನುಡಿ’ ಅಂತ ನಾನೇ ಕಟ್ಟಿಕೊಂಡು ಬಳಸುತ್ತಿದ್ದೇನೆ. ಇದಕ್ಕಿಂತ ಒಳ್ಳೆಯದು, ಈಗಾಗಲೇ ಬಳಕೆಯಲ್ಲಿರುವುದು ಯಾರಿಗಾದರೂ ಗೊತ್ತಿದ್ದರೆ ಹೇಳಿ. ಮತ್ತೆ ಆ ಮುದುಕನ ಬಾಯಲ್ಲಿ ನೀವಾದರೆ ಏನು ಆಡಿಸುತ್ತಿದ್ದಿರಿ ಅನ್ನುವುದನ್ನೂ ಬರೆಯಿರಿ.