ಅಪ್‌ಡೇಟ್: ಅಪ್ಪನ ಪ್ರಾಸ್ಟೇಟ್ ಆಪರೇಷನ್ ಸದ್ಯಕ್ಕೆ ಬೇಡವಂತೆ

ಅಪ್ಪನಿಗೆ 76 ವರ್ಷ, ಮೂತ್ರ ಸರಿಯಾಗಿ ಹೋಗುತ್ತಿಲ್ಲ, ಸಾಲು ಸಾಲು ಟೆಸ್ಟ್ ಬರೆದಿದ್ದಾರೆ, ಆಪರೇಷನ್ ಆಗಬಹುದು ಅಂದಿದ್ದಾರೆ, ಏನು ಮಾಡಲಿ ಎಂದು 15 ದಿನದ ಹಿಂದೆ ಕೇಳಿದ್ದೆ. ಉತ್ತರಿಸಿದವರಿಗೆಲ್ಲ ತುಂಬಾ ಥ್ಯಾಂಕ್ಸ್.

ಕೆಲಸಕ್ಕೆ ಬಂದದ್ದು, ಮನೆಯಲ್ಲಿರುವ ಮಾತ್ರೆಗಳನ್ನೆಲ್ಲ ಒಂದು ಚೀಲಕ್ಕೆ ಹಾಕಿಕೊಂಡು ಹೋಗಿ ಅನ್ನೋ ಸಲಹೆ. ಡಾಕ್ಟರ್ ಒಂದೊಂದನ್ನೇ ತಿರುಗಿಸಿ ನೋಡುತ್ತಾ ಹೋದರು. ಅರ್ಧ ಖಾಲಿಯಾಗಿದ್ದ ಶೀತದ ಮಾತ್ರೆಯ ಹತ್ತಿರ ಕೈ ನಿಂತಿತು. "ಇದನ್ನು ಯಾವಾಗಿನಿಂದ ತಗೋತಿದ್ದೀರಿ ಯಜಮಾನ್ರೇ?" ಪ್ರಾಸ್ಟೇಟ್ (ಗಂಡಸರಲ್ಲಿ ಮೂತ್ರಕೋಶದ ಕೆಳಗಿರುವ ಗ್ರಂಥಿ) ದೊಡ್ಡದಾದವರಿಗೆ ಕೆಲವು ಶೀತದ ಮಾತ್ರೆಗಳಿಂದ ಮೂತ್ರ ಕಟ್ಟಬಹುದಂತೆ! ಸುಮ್ನೆ ಅಂಗಡಿಯಿಂದ ತಂದದ್ದು ಅಲ್ವಾ, ನಾವ್ಯಾರೂ ಅದನ್ನು ಲೆಕ್ಕಕ್ಕೇ ಇಟ್ಟಿರಲಿಲ್ಲ.

ಅದನ್ನು ನಿಲ್ಲಿಸಿ, ಮೂತ್ರ ಸಲೀಸಾಗಿ ಹೋಗಲು ಟ್ಯಾಮ್ಸುಲೋಸಿನ್ ಅನ್ನೋ ಔಷಧಿ ಕೊಟ್ಟರು. ತಲೆ ಸುತ್ತಬಹುದು, ಹಾಸಿಗೆಯಿಂದ ನಿಧಾನಕ್ಕೆ ಎದ್ದೇಳಿ ಅಂದರು. ರಕ್ತ ಪರೀಕ್ಷೆ, ಸ್ಕ್ಯಾನ್ ಮಾಡಿಸಲೇಬೇಕಾಯಿತು. "ಈ ಟೆಸ್ಟ್ ಮಾಡಿಸಿದರೆ ಚಿಕಿತ್ಸೆ ಏನಾದರೂ ಬದಲಾಗುತ್ತಾ?" ಎಂದು ಕೇಳಿದ ಮೇಲೆ ಒಂದನ್ನು ಕೈಬಿಟ್ಟರು. ಈ ಪ್ರಶ್ನೆ ಹೇಳಿಕೊಟ್ಟವರಿಗೆ ವಿಶೇಷ ಧನ್ಯವಾದ.

ನೀರು ಕಡಿಮೆ ಕುಡಿಸಿ ಅನ್ನೋ ಇಲ್ಲಿನ ಸಲಹೆ ಮಾತ್ರ ಆಗಿಬರಲಿಲ್ಲ. ಮೂತ್ರದ ಉರಿ ಜಾಸ್ತಿಯಾಯಿತು, ಎರಡೇ ದಿನಕ್ಕೆ ಬಿಟ್ಟೆವು.

ಮೊದಲು ರಾತ್ರಿಗೆ 6 ಸಲ ಏಳುತ್ತಿದ್ದ ಅಪ್ಪ ನಿನ್ನೆ ಎದ್ದದ್ದು 2 ಸಲ. 3 ತಿಂಗಳಿಗೆ ಮತ್ತೆ ತೋರಿಸಬೇಕು.