ಬೀಗದೊಳಗಿನ ‘ಸೈಡ್‌ಬಾರ್’: ಬದಿಪಟ್ಟಿಯೋ, ಅಗಳಿಯೋ?

ಎಲ್ಲರಿಗೂ ನಮಸ್ಕಾರ.

ಒಂದು ಪದ ಬೇಕಾಗಿದೆ. ಕಲಬುರಗಿಯ ಸೂಪರ್ ಮಾರ್ಕೆಟ್ ಕಡೆಯ ಒಬ್ಬ ಅಂಗಡಿಯವರು ಹೆಚ್ಚು ಭದ್ರತೆಯ ಬೀಗಗಳನ್ನು ತರಿಸುತ್ತಿದ್ದಾರೆ. ಗಿರಾಕಿಗಳಿಗೆ ಕೊಡಲು ಒಂದು ಪುಟದ ಕನ್ನಡ ಚೀಟಿ ಬೇಕಂತೆ. ಬೇರೆ ಯಾರೋ ಮಾಡಿದ್ದ ಅನುವಾದವನ್ನು ನನ್ನ ಕೈಗಿಟ್ಟು ‘ಇದನ್ನ ಸ್ವಲ್ಪ ನೋಡ್ರಿ ಸರ’ ಅಂದರು. ಅದರಲ್ಲಿ ಈ ಸಾಲಿದೆ:

‘ಸರಿಯಾದ ಕೀಲಿಯನ್ನು ಹಾಕಿ ತಿರುಗಿಸಿದಾಗ ಬದಿಪಟ್ಟಿಯು ಹಿಂಜರಿಯುತ್ತದೆ.’

ಹಿಂಜರಿಯಲು ಅದಕ್ಕೇನು ನಾಚಿಕೆಯೇ? ಅದನ್ನು ‘ಒಳಗೆ ಸರಿಯುತ್ತದೆ’ ಎಂದು ತಿದ್ದಿದೆ. ಉಳಿದ ಎರಡು ಪದ ಅಷ್ಟು ಸುಲಭಕ್ಕೆ ಬಗ್ಗುತ್ತಿಲ್ಲ.

ಮೊದಲನೆಯದು ಕೀಲಿ. ಇದು ಹಳೆಯ ಜಗಳ, ನಿಮಗೆಲ್ಲ ಗೊತ್ತಿದ್ದದ್ದೇ. ‘ಮನೆಗೆ ಕೀಲಿ ಹಾಕಿ ಬಂದೆ’ ಅಂದರೆ ನಮ್ಮಲ್ಲಿ ಬೀಗ ಹಾಕಿ ಬಂದೆ ಅಂತ. ಕೀಲಿ ಅಂದರೆ ಬೀಗ, ತೆರೆಯುವುದು ಕೀಲಿಕೈ ಅಥವಾ ಚಾವಿ. ದಕ್ಷಿಣದವರಿಗೆ ಬೀಗವೇ ಬೀಗ, ಕೀಲಿ ಅಂದರೆ ಕೈಯಲ್ಲಿ ಹಿಡಿಯುವುದು. ಕಂಪ್ಯೂಟರಿನ ‘ಕೀಲಿಮಣೆ’ ಹುಟ್ಟಿದ್ದೂ ಆ ಅರ್ಥದಿಂದಲೇ. ಹೀಗಾಗಿ ‘ಕೀಲಿಯನ್ನು ಹಾಕಿ ತಿರುಗಿಸಿದಾಗ’ ಅಂತ ಓದಿದ ಸೇಡಂ ಕಡೆಯ ಗಿರಾಕಿ ಬೀಗವನ್ನೇ ತಿರುಗಿಸಬೇಕೇನೋ ಅಂದುಕೊಂಡರೆ ತಪ್ಪು ಅವರದಲ್ಲ. ನಾನು ಚೀಟಿಯುದ್ದಕ್ಕೂ ‘ಬೀಗ’ ಮತ್ತು ‘ಚಾವಿ’ ಇಟ್ಟಿದ್ದೇನೆ. ಎರಡೂ ಇಲ್ಲಿ ಎಲ್ಲರಿಗೂ ಗೊತ್ತು, ಗೊಂದಲವೂ ಇಲ್ಲ. ಇದರ ಬಗ್ಗೆ ಮತ್ತೆ ಚರ್ಚೆ ಬೇಡ ಅಂತ ನನ್ನ ವಿನಂತಿ!

ನನ್ನ ನಿಜವಾದ ತೊಡಕು ಬದಿಪಟ್ಟಿ. ವೆಬ್ ಪುಟದ ಅಂಚಿನಲ್ಲಿ ಕಾಣುವ ಅಂಕಣಕ್ಕೆ ಕೆಲವರು ಈ ಪದ ಬಳಸುತ್ತಾರೆ. ಅನುವಾದಕರು ಅದನ್ನೇ ಎತ್ತಿ ತಂದು ಬೀಗದೊಳಗೆ ತುರುಕಿದ್ದಾರೆ. ಪದ ಸರಿಯೋ ತಪ್ಪೋ ಹೇಳಬೇಕಾದರೆ ಆ ಭಾಗ ಏನು ಮಾಡುತ್ತದೆ ಅಂತ ನೋಡಬೇಕು, ಅಲ್ವಾ? ಅಂಗಡಿಯಲ್ಲಿ ಅರ್ಧ ಕೊಯ್ದು ಒಳಗಿನದೆಲ್ಲ ಕಾಣುವ ಹಾಗೆ ಮಾಡಿದ ಒಂದು ಮಾದರಿ ಇದೆ. ಅದನ್ನು ಕೈಯಲ್ಲಿ ಹಿಡಿದು ನೋಡಿಯೇ ಬರೆಯುತ್ತಿದ್ದೇನೆ.

ಸಾಮಾನ್ಯ ಪಿನ್ ಬೀಗದಲ್ಲಿ ಒಂದು ಹೊರಚಿಪ್ಪು, ಅದರೊಳಗೆ ತಿರುಗುವ ಒಂದು ಉರುಳೆ. ಚಾವಿ ಹೋಗುವುದು ಉರುಳೆಯೊಳಗೆ. ಜೋಡಿ ಜೋಡಿ ಪಿನ್ನುಗಳು ಸ್ಪ್ರಿಂಗಿನ ಒತ್ತಡಕ್ಕೆ ಚಿಪ್ಪಿನಿಂದ ಉರುಳೆಗೆ ಇಳಿದು ಅದನ್ನು ತಿರುಗದ ಹಾಗೆ ಹಿಡಿದಿರುತ್ತವೆ. ಚಾವಿಯ ಹಲ್ಲು ಪ್ರತಿ ಜೋಡಿಯನ್ನೂ ಬೇಕಾದಷ್ಟೇ ಎತ್ತಿದರೆ, ಜೋಡಿ ಬೇರೆಯಾಗುವ ಜಾಗ ಉರುಳೆ ಮತ್ತು ಚಿಪ್ಪು ಕೂಡುವ ಗೆರೆಗೆ ಬಂದು ನಿಲ್ಲುತ್ತದೆ. ಆಗ ಉರುಳೆ ತಿರುಗುತ್ತದೆ. 1861ರಲ್ಲಿ ಅಮೆರಿಕದ ಕಿರಿಯ ಲೈನಸ್ ಯೇಲ್ ಪೇಟೆಂಟ್ ಪಡೆದ ಬೀಗದ ಬಗೆ ಇದೇ. ಇದರ ದೌರ್ಬಲ್ಯವೂ ಎಲ್ಲರಿಗೂ ಗೊತ್ತು. ಕೈಚಳಕ ಇದ್ದವರು ತಂತಿ ಹಾಕಿ ಒಂದೊಂದೇ ಪಿನ್ ಎತ್ತಿ ಕೂರಿಸುತ್ತಾರೆ.

ಸೈಡ್‌ಬಾರ್ ಇರುವ ಬೀಗದಲ್ಲಿ ಎರಡನೆಯ ಕಾವಲು ಇದೆ. ಉರುಳೆಯ ಪಕ್ಕದಲ್ಲಿ ಉದ್ದಕ್ಕೆ ಒಂದು ಸೀಳು, ಅದರಲ್ಲಿ ಸಣ್ಣದೊಂದು ಲೋಹದ ಕಂಬಿ. ಪುಟ್ಟ ಸ್ಪ್ರಿಂಗುಗಳು ಅದನ್ನು ಹೊರಕ್ಕೆ ತಳ್ಳುತ್ತಿರುತ್ತವೆ. ಹಾಗಾಗಿ ಕಂಬಿಯ ಒಂದು ಅಂಚು ಹೊರಚಿಪ್ಪಿನ ಒಳಮೈಯಲ್ಲಿರುವ ಇಳಿಜಾರಾದ ಕಚ್ಚಿನಲ್ಲಿ ಕೂತಿರುತ್ತದೆ. ಮೈಯ ಒಂದು ಪಾಲು ಉರುಳೆಯಲ್ಲಿ, ಇನ್ನೊಂದು ಪಾಲು ಚಿಪ್ಪಿನಲ್ಲಿ. ಚಾವಿ ತಿರುಗಿಸಿದಾಗ ಕಚ್ಚಿನ ಇಳಿಜಾರು ಕಂಬಿಯನ್ನು ಉರುಳೆಯೊಳಗೆ ತಳ್ಳುತ್ತದೆ. ಒಳಗೆ ಅದಕ್ಕೆ ಜಾಗ ಸಿಕ್ಕರೆ ಬೀಗ ತೆರೆಯುತ್ತದೆ. ಸಿಗದಿದ್ದರೆ ಪಿನ್ನುಗಳೆಲ್ಲ ಸರಿಯಾದ ಎತ್ತರದಲ್ಲಿದ್ದರೂ ಉರುಳೆ ಅಲ್ಲಾಡುವುದಿಲ್ಲ.

ಜಾಗ ಮಾಡಿಕೊಡುವ ರೀತಿ ಒಂದೊಂದು ಬೀಗದಲ್ಲಿ ಒಂದೊಂದು. 1968ರಲ್ಲಿ ವರ್ಜೀನಿಯಾದಲ್ಲಿ ಶುರುವಾದ ಮೆಡೆಕೊ ಕಂಪನಿಯದು ನನಗೆ ಬಹಳ ಹಿಡಿಸಿತು. ಅದರ ಪಿನ್ನಿನ ತುದಿ ಉಳಿಯ ಬಾಯಿಯಂತೆ ಚಪ್ಪಟೆ. ಚಾವಿಯ ಹಲ್ಲುಗಳನ್ನು ನೇರ ಕೊಯ್ಯುವುದಿಲ್ಲ. ಕೆಲವು ನೇರ, ಕೆಲವು ಎಡಕ್ಕೆ ಓರೆ, ಕೆಲವು ಬಲಕ್ಕೆ ಓರೆ. ಚಾವಿ ಹಾಕಿದಾಗ ಪಿನ್ ಮೇಲೇರುವುದಷ್ಟೇ ಅಲ್ಲ, ಹಲ್ಲಿನ ಓರೆಗೆ ತಕ್ಕಂತೆ ತನ್ನ ಸುತ್ತಲೇ ತಿರುಗುತ್ತದೆ. ಪಿನ್ನಿನ ಮೈಮೇಲೆ ಉದ್ದಕ್ಕೆ ಒಂದು ಕಚ್ಚು ಇದೆ. ಎಲ್ಲ ಪಿನ್ನುಗಳ ಕಚ್ಚೂ ಕಂಬಿಯ ಕಡೆ ಮುಖ ಮಾಡಿದಾಗ ಮಾತ್ರ ಕಂಬಿಯ ಬೆರಳುಗಳು ಅವುಗಳಲ್ಲಿ ಹೊಗುತ್ತವೆ. ಎತ್ತರವೂ ಸರಿ ಇರಬೇಕು, ಮುಖವೂ ಸರಿ ಇರಬೇಕು. ರಸ್ತೆ ಬದಿಯ ಚಾವಿ ಮಾಡುವವರು ಸಾಮಾನ್ಯ ಯಂತ್ರದಲ್ಲಿ ಆಳವನ್ನು ಕರಾರುವಾಕ್ಕಾಗಿ ಕೊಯ್ದು ಕೊಟ್ಟರೂ ಅದು ನೇರ ಹಲ್ಲು. ಪಿನ್ ಏರುತ್ತದೆ, ಬೇಕಾದಷ್ಟು ತಿರುಗುವುದಿಲ್ಲ.

ಫಿನ್ಲೆಂಡಿನ ಅಬ್ಲಾಯ್ ಬೀಗದಲ್ಲಿ ಪಿನ್ನೇ ಇಲ್ಲ. 1907ರಲ್ಲಿ ಎಮಿಲ್ ಹೆನ್ರಿಕ್ಸನ್ ಕಂಡುಹಿಡಿದ ಬಗೆ ಇದು. ತೆಳು ಬಿಲ್ಲೆಗಳನ್ನು ಒಂದರ ಪಕ್ಕ ಒಂದು ಪೇರಿಸಿರುತ್ತಾರೆ. ಚಾವಿ ತಿರುಗಿಸಿದಾಗ ಪ್ರತಿ ಬಿಲ್ಲೆಯೂ ತನ್ನ ಪಾಲಿನಷ್ಟು ತಿರುಗುತ್ತದೆ. ಅಂಚಿನ ಕಚ್ಚುಗಳೆಲ್ಲ ಒಂದೇ ಸಾಲಿಗೆ ಬಂದರೆ ಕಂಬಿ ಆ ಸಾಲಿಗೆ ಬೀಳುತ್ತದೆ. ಬಿಲ್ಲೆಗಳನ್ನು ತಳ್ಳುವ ಸ್ಪ್ರಿಂಗೂ ಬೇಕಿಲ್ಲ. ಆದ್ದರಿಂದ ಧೂಳು, ಚಳಿ ಏನೇ ಇದ್ದರೂ ಕೆಟ್ಟು ಕೂರುವುದು ಕಡಿಮೆ. ಶಹಾಬಾದ್ ಕಲ್ಲಿನ ಗಣಿಗಳ ಕಡೆ ಇದಕ್ಕೇ ಗಿರಾಕಿ ಜಾಸ್ತಿ ಸಿಗಬಹುದು ಅಂತ ನನ್ನ ಊಹೆ.

ಕಂಬಿಯ ಉಪಾಯ ದುಬಾರಿ ಬೀಗಗಳಿಗಷ್ಟೇ ಸೇರಿದ್ದೂ ಅಲ್ಲ. ಜನರಲ್ ಮೋಟರ್ಸ್ ಕಾರುಗಳಲ್ಲಿ 1930ರ ದಶಕದಲ್ಲೇ ಇದು ಬಂದಿತ್ತು.

ಈಗ ಪದಕ್ಕೆ ಬರುತ್ತೇನೆ. ‘ಬದಿ’ ಅನ್ನುವುದು ಆ ಭಾಗ ಎಲ್ಲಿದೆ ಅಂತ ಹೇಳುತ್ತದೆ, ಏನು ಮಾಡುತ್ತದೆ ಅಂತ ಹೇಳುವುದಿಲ್ಲ. ‘ಪಟ್ಟಿ’ ಅಂದರೆ ಬಟ್ಟೆಯ ಪಟ್ಟಿಯೂ ಆಗಬಹುದು, ಹೆಸರುಗಳ ಪಟ್ಟಿಯೂ ಆಗಬಹುದು. ತಡೆಯುವ ಕಸುವು ಅದರಲ್ಲಿ ಕಾಣುವುದಿಲ್ಲ. ನನಗೆ ತೋಚಿದ್ದು ಅಗಳಿ. ನಮ್ಮ ಹಳೆಯ ವಾಡೆಗಳ ದೊಡ್ಡ ಬಾಗಿಲುಗಳನ್ನು ನೋಡಿದವರಿಗೆ ಇದು ತಟ್ಟನೆ ಹೊಳೆಯುತ್ತದೆ. ದಪ್ಪ ಗೋಡೆಯೊಳಗಿನ ಕಿಂಡಿಯಿಂದ ಮರದ ತೊಲೆಯೊಂದನ್ನು ಎಳೆದು ಬಾಗಿಲಿಗೆ ಅಡ್ಡ ಹಾಕುತ್ತಾರೆ. ಬಾಗಿಲು ತೆರೆಯಬೇಕಾದರೆ ಅಗಳಿ ಗೋಡೆಯ ಕಿಂಡಿಗೆ ವಾಪಸ್ ಹೋಗಬೇಕು. ಆ ಕಿಂಡಿಯಲ್ಲಿ ಯಾರೋ ಇಟ್ಟಿಗೆ ತುರುಕಿದರು ಅನ್ನಿ, ಅಗಳಿ ಸರಿಯುವುದಿಲ್ಲ, ಬಾಗಿಲೂ ತೆರೆಯುವುದಿಲ್ಲ. ಬೀಗದೊಳಗಿನ ಕಂಬಿಯದೂ ಇದೇ ಕತೆ. ತಪ್ಪು ಚಾವಿ ಹಾಕಿದಾಗ ಪಿನ್ನುಗಳೇ ಆ ಇಟ್ಟಿಗೆ.

ಆಕ್ಷೇಪಗಳೂ ಇವೆ. ಅಗಳಿಯನ್ನು ಕೈಯಿಂದ ಸರಿಸುತ್ತೇವೆ, ಇದು ತಾನಾಗಿ ಸರಿಯುತ್ತದೆ ಅನ್ನಬಹುದು. ಅದು ನನಗೆ ದೊಡ್ಡದಾಗಿ ಕಾಣಿಸುವುದಿಲ್ಲ. ದೊಡ್ಡ ತೊಂದರೆ ಬೇರೆ ಇದೆ. ಬೀಗದಿಂದ ಹೊರಬಂದು ಬಾಗಿಲ ಚೌಕಟ್ಟಿಗೆ ಹೋಗುವ ನಾಲಿಗೆಯನ್ನೇ ಓದುಗರು ಅಗಳಿ ಅಂದುಕೊಂಡರೆ? ಇಡೀ ಚೀಟಿ ಅಡ್ಡದಾರಿ ಹಿಡಿಯುತ್ತದೆ. ಅದಕ್ಕೇ ಹೊರಗೆ ಹೋಗುವುದಕ್ಕೆ ‘ನಾಲಿಗೆ’ ಅಂತಲೇ ಇಟ್ಟು, ಇದಕ್ಕೆ ‘ಒಳ ಅಗಳಿ’ ಅನ್ನೋಣವೇ? ಕೂಡಿಸಿ ‘ಒಳಗಳಿ’ ಅಂತ ಬರೆದರೆ ಅಚ್ಚಿನ ತಪ್ಪಿನ ಹಾಗೆ ಕಾಣುತ್ತದೆ, ಬಿಡಿಸಿ ಬರೆಯುವುದೇ ಮೇಲು. ಗೆಳೆಯರೊಬ್ಬರು ‘ತಡೆಕಂಬಿ’ ಅಂತ ಸೂಚಿಸಿದರು. ಕೆಟ್ಟದ್ದೇನಲ್ಲ, ಆದರೆ ರಸ್ತೆಯ ಪಕ್ಕ ನೆಟ್ಟ ಕಬ್ಬಿಣದ ಬೇಲಿ ಕಣ್ಣ ಮುಂದೆ ಬರುತ್ತದೆ. ಸುಮ್ನೆ ‘ಸೈಡ್‌ಬಾರ್’ ಅಂತಲೇ ಬಿಡಿ ಅನ್ನುವವರಿಗೂ ನನ್ನ ವಿರೋಧವಿಲ್ಲ. ಅಂಗಡಿಯವರು ಅದನ್ನೇ ಅನ್ನುತ್ತಾರೆ. ಆದರೆ ಚೀಟಿ ಓದಿದವರಿಗೆ ಆ ಭಾಗದ ಕೆಲಸ ಪದದಲ್ಲೇ ತಿಳಿಯಬೇಕು ಅಂತ ನನ್ನ ಹಟ.

ಚೀಟಿಯ ಕೊನೆಯಲ್ಲಿ ಇನ್ನೊಂದು ಸಾಲಿದೆ: ‘ಅನಧಿಕೃತ ಪ್ರತಿಕೃತಿ ನಿಷೇಧ.’ ಹೆಚ್ಚುವರಿ ಚಾವಿ ಬೇಕಾದರೆ ಬೀಗದ ಜೊತೆ ಬಂದ ಕಾರ್ಡ್ ತೋರಿಸಬೇಕು, ಹಲ್ಲು ಕೊಯ್ಯದ ಖಾಲಿ ಚಾವಿ ಹೊರಗೆ ಸಿಗುವುದಿಲ್ಲ ಅನ್ನುವುದು ಅದರ ಅರ್ಥ. ಅದನ್ನು ‘ಕಾರ್ಡ್ ತೋರಿಸದೆ ಎರಡನೇ ಚಾವಿ ಮಾಡಿಕೊಡುವುದಿಲ್ಲ’ ಎಂದು ಬದಲಿಸಿದ್ದೇನೆ. ‘ನಕಲಿ ಚಾವಿ’ ಅಂತ ಬೇಕೆಂದೇ ಬರೆಯಲಿಲ್ಲ, ಕಳ್ಳರ ಚಾವಿ ಅನ್ನಿಸುತ್ತದೆ.

ಬೀದರ್, ಯಾದಗಿರಿ ಕಡೆಯವರಲ್ಲಿ ಎರಡು ಪ್ರಶ್ನೆ. ಕಂಬಿ ಬಂದು ಕೂರುವ ಜಾಗಕ್ಕೆ ನಾನು ‘ಕಚ್ಚು’ ಅಂದಿದ್ದೇನೆ. ನಿಮ್ಮಲ್ಲಿ ಬಡಿಗರು, ಚಾವಿ ಮಾಡುವವರು ಏನನ್ನುತ್ತಾರೆ? ಮತ್ತೆ, ನಿಮ್ಮ ಊರಿನಲ್ಲಿ ಅಗಳಿ ಅಂದರೆ ಆ ದಪ್ಪ ತೊಲೆಯೇ, ಇಲ್ಲ ಸಣ್ಣ ಚಿಲಕಕ್ಕೂ ಹಾಗೇ ಅನ್ನುತ್ತಾರೆಯೇ? ಎರಡನೆಯದಾದರೆ ನನ್ನ ವಾದ ಸ್ವಲ್ಪ ಸಡಿಲಾಗುತ್ತದೆ. ಚೀಟಿ ಅಚ್ಚಿಗೆ ಹೋಗುವ ಮೊದಲು ತಿಳಿಸಿದರೆ ಉಪಕಾರ.