ಅಮ್ಮನ ಫೋಟೊ ಸಾವಿರಾರಿವೆ, ಕಟ್ಟು ಹಾಕಿಸಲು ಒಂದೂ ಇಲ್ಲ

ಪ್ರಶ್ನೆ: ಸರ್, ನಮಸ್ಕಾರ. ನನ್ನ ಮೊಬೈಲಿನಲ್ಲಿ ಅಮ್ಮನ ಫೋಟೊಗಳಿಗೆ ಲೆಕ್ಕವಿಲ್ಲ. ಹಪ್ಪಳ ಒಣಗಿಸುವಾಗಿನವು, ಬಸ್ಸಿನಲ್ಲಿ ತೂಕಡಿಸುವಾಗಿನವು, ಮೊಮ್ಮಗಳಿಗೆ ಜಡೆ ಹೆಣೆಯುವಾಗಿನವು. ಮುಂದಿನ ತಿಂಗಳು ಅವರಿಗೆ ಎಪ್ಪತ್ತು ತುಂಬುತ್ತದೆ. ಒಂದನ್ನು ದೊಡ್ಡದಾಗಿ ಪ್ರಿಂಟ್ ಹಾಕಿಸಿ ಕಟ್ಟು ಹಾಕಿಸೋಣವೆಂದು ಹುಡುಕಿದರೆ ಯಾವುದೂ ಒದಗುತ್ತಿಲ್ಲ. ಅಪ್ಪ ತೀರಿಕೊಂಡಾಗಲೂ ಹೀಗೆಯೇ ಆಗಿತ್ತು. ಯಾರದೋ ಮದುವೆಯ ಗ್ರೂಪ್ ಫೋಟೊದಿಂದ ಅವರ ಮುಖವನ್ನಷ್ಟೇ ಕತ್ತರಿಸಿ ದೊಡ್ಡದು ಮಾಡಿಸಿದೆವು. ನಡುಮನೆಯ ಗೋಡೆಯ ಮೇಲೆ ಇಂದಿಗೂ ಅಪ್ಪನ ಎಡಭುಜದ ಪಕ್ಕದಲ್ಲಿ ಯಾರದೋ ಸೀರೆಯ ಹಸಿರು ಅಂಚು ಇಣುಕುತ್ತಿದೆ. ಸುಮ್ಮನೆ ಕ್ಲಿಕ್ಕಿಸಿದ ಫೋಟೊಗೂ ಭಾವಚಿತ್ರಕ್ಕೂ ನಿಜವಾದ ವ್ಯತ್ಯಾಸ ಏನು? ಒಳ್ಳೆಯ ಕ್ಯಾಮೆರಾ ಕೊಳ್ಳಬೇಕೆ?

ಉತ್ತರ: ಕ್ಯಾಮೆರಾಕ್ಕೆ ಹಣ ಸುರಿಯಬೇಡಿ. ಇಪ್ಪತ್ತೆಂಟು ವರ್ಷಗಳಿಂದ ಸ್ಟುಡಿಯೊ ನಡೆಸುತ್ತಿದ್ದೇನೆ. ಲಕ್ಷದ ಕ್ಯಾಮೆರಾದಲ್ಲಿ ತೆಗೆದ ಕೆಟ್ಟ ಫೋಟೊಗಳನ್ನು ಬೇಕಾದಷ್ಟು ಪ್ರಿಂಟ್ ಹಾಕಿದ್ದೇನೆ.

ನಿಮ್ಮ ಪ್ರಶ್ನೆಗೆ ಆ ಹಸಿರು ಅಂಚೇ ಉತ್ತರ. ಆ ದಿನ ಫೋಟೊ ತೆಗೆದವನು ಮದುವೆಯ ಫೋಟೊ ತೆಗೆಯುತ್ತಿದ್ದ, ನಿಮ್ಮ ತಂದೆಯವರದ್ದಲ್ಲ. ಹಪ್ಪಳದ ಫೋಟೊದಲ್ಲೂ ಅಷ್ಟೇ: ನೀವು ಹಿಡಿದದ್ದು ಆ ಮಧ್ಯಾಹ್ನವನ್ನು. ಅದರೊಳಗೆ ಅಮ್ಮ ಇದ್ದಾರೆ, ಆದರೆ ಬೆಳಕು, ಹಿನ್ನೆಲೆ, ದೂರ ಯಾವುದನ್ನೂ ನೀವು ಅವರಿಗಾಗಿ ಆರಿಸಿಲ್ಲ. ಭಾವಚಿತ್ರದಲ್ಲಿ ಆರಿಸಬೇಕಾಗುತ್ತದೆ. ಎದುರಿಗೆ ಕುಳಿತವರಿಗೂ ತಾವು ಫೋಟೊಗೆಂದೇ ಕುಳಿತಿದ್ದೇವೆ ಎಂಬುದು ಗೊತ್ತಿರುತ್ತದೆ. ಕೆಲಸ ಕಷ್ಟವಾಗುವುದೂ ಅದರಿಂದಲೇ.

ಮನೆಯಲ್ಲೇ ತೆಗೆಯಿರಿ. ನೇರ ಬಿಸಿಲು ಬೀಳದ ಒಂದು ಕಿಟಕಿ ಸಾಕು. ಅಮ್ಮನನ್ನು ಕಿಟಕಿಯಿಂದ ಮೂರು ನಾಲ್ಕು ಅಡಿ ದೂರದಲ್ಲಿ, ಬೆಳಕು ಒಂದು ಕೆನ್ನೆಯ ಮೇಲೆ ಓರೆಯಾಗಿ ಬೀಳುವಂತೆ ಕೂರಿಸಿ. ಟ್ಯೂಬ್‌ಲೈಟ್ ಆರಿಸಿಬಿಡಿ, ಎರಡು ಬಣ್ಣದ ಬೆಳಕು ಬೆರೆತರೆ ಚರ್ಮದ ಬಣ್ಣ ಕೆಡುತ್ತದೆ. ಇನ್ನೊಂದು ಕೆನ್ನೆ ತೀರಾ ಕಪ್ಪಾದರೆ ಆ ಬದಿಗೆ ಒಂದು ಕುರ್ಚಿ ಇಟ್ಟು ಅದರ ಮೇಲೆ ಬಿಳಿ ಪಂಚೆ ಹರಡಿ. ನಗಬೇಡಿ, ನಾನು ಸ್ಟುಡಿಯೊದಲ್ಲಿ ಬಳಸುವ ಥರ್ಮಾಕೋಲ್ ಹಲಗೆ ಮಾಡುವುದೂ ಅದನ್ನೇ. ಕಣ್ಣಿನಲ್ಲಿ ಕಿಟಕಿಯ ಪುಟ್ಟ ಬಿಳಿ ಚುಕ್ಕೆ ಕಾಣಬೇಕು. ಅದು ಕಾಣದಿದ್ದರೆ ಮುಖ ಎಷ್ಟು ಚೆನ್ನಾಗಿದ್ದರೂ ಕಳೆ ಇರುವುದಿಲ್ಲ.

ಇನ್ನು ದೂರ. ಒಂದೂವರೆ ಅಡಿಯಿಂದ ತೆಗೆದರೆ ಮೂಗಿಗಿಂತ ಕಿವಿ ಐದು ಇಂಚಿನಷ್ಟು ಹಿಂದಿರುತ್ತದೆ, ಅಂದರೆ ಕಾಲುಭಾಗಕ್ಕಿಂತ ಹೆಚ್ಚು ದೂರ. ಅದಕ್ಕೇ ಮೂಗು ಉಬ್ಬಿ, ಕಿವಿ ಕುಗ್ಗಿ ಕಾಣುವುದು. ಆರು ಅಡಿಗೆ ಹೋದರೆ ಆ ಐದು ಇಂಚು ಲೆಕ್ಕಕ್ಕೇ ಬರುವುದಿಲ್ಲ. ಅಲ್ಲಿ ನಿಂತು, ಎರಡು ಪಟ್ಟು ಹತ್ತಿರ ತೋರಿಸುವ ಮೊಬೈಲಿನ 2ಎಕ್ಸ್ ಒತ್ತಿ. ದೊಡ್ಡ ಕ್ಯಾಮೆರಾದವರು ದೂರದ್ದನ್ನು ಸ್ವಲ್ಪ ಹತ್ತಿರ ತೋರಿಸುವ 85 ಎಂಎಂ ಲೆನ್ಸ್ ಇಷ್ಟಪಡುವುದಕ್ಕೆ ಒಂದು ಕಾರಣ, ಮುಖ ತುಂಬಿಸಿಕೊಳ್ಳಲು ಅದು ಅವರನ್ನು ತಾನಾಗಿ ಹಿಂದಕ್ಕೆ ಸರಿಸುತ್ತದೆ.

ಮತ್ತೊಬ್ಬರ ಪ್ರಶ್ನೆ: ಇಷ್ಟೆಲ್ಲ ಏಕೆ ಸರ್? ಮೊಬೈಲಿನಲ್ಲಿ ಪೋರ್ಟ್ರೇಟ್ ಮೋಡ್ ಹಾಕಿದರೆ ಸಾಲದೆ?

ಉತ್ತರ: ಅದು ಹಿನ್ನೆಲೆಯನ್ನು ಮಸುಕು ಮಾಡುತ್ತದೆ, ಅಷ್ಟೇ. ಅದೂ ಬಹುಪಾಲು ಲೆಕ್ಕಾಚಾರದಿಂದ. ಮುಡಿದ ಮಲ್ಲಿಗೆ, ಹಾರಾಡುವ ಬಿಳಿ ಕೂದಲು, ಕನ್ನಡಕದ ಅಂಚು ಬಂದಲ್ಲಿ ತಡವರಿಸುತ್ತದೆ. ಚಿಕ್ಕ ಪರದೆಯಲ್ಲಿ ಗೊತ್ತಾಗುವುದಿಲ್ಲ, ಪ್ರಿಂಟ್ ಹಾಕಿದಾಗ ಕತ್ತರಿಯಲ್ಲಿ ಕತ್ತರಿಸಿದಂತೆ ಕಾಣುತ್ತದೆ. ಅಮ್ಮನ ಬೆನ್ನ ಹಿಂದಿರುವ ಕ್ಯಾಲೆಂಡರ್ ತೆಗೆದಿಡಿ, ಗೋಡೆಯಿಂದ ಐದಾರು ಅಡಿ ಮುಂದಕ್ಕೆ ಕೂರಿಸಿ. ಆಮೇಲೆ ಆ ಮೋಡ್ ನೆನಪಾಗುವುದಿಲ್ಲ.

ಮಗದೊಬ್ಬರ ಪ್ರಶ್ನೆ: ನನಗೇನೋ ಕೂರಿಸಿ ತೆಗೆದ ಫೋಟೊ ನಾಟಕದಂತೆ ಕಾಣುತ್ತದೆ. ಗೊತ್ತಿಲ್ಲದಂತೆ ತೆಗೆದದ್ದೇ ಸಹಜವಲ್ಲವೆ?

ಉತ್ತರ: ನಿಮ್ಮ ಮಾತಿನಲ್ಲಿ ಅರ್ಧ ನಿಜವಿದೆ. ಮೈಸೂರಿನ ಛಾಯಾಗ್ರಾಹಕ ಟಿ.ಎಸ್. ಸತ್ಯನ್ ಅವರ ಚಿತ್ರಗಳನ್ನು ನೋಡಿ. ಸಾಮಾನ್ಯ ಜನ ತಮ್ಮ ಪಾಡಿಗೆ ತಾವಿರುವಾಗ ತೆಗೆದ ಎಷ್ಟೋ ಚಿತ್ರಗಳಿವೆ. ಅವನ್ನು ‘ಸುಮ್ಮನೆ ಕ್ಲಿಕ್ಕಿಸಿದವು’ ಎಂದರೆ ನಾನು ಜಗಳಕ್ಕೆ ಬರುತ್ತೇನೆ. ಎಲ್ಲಿ ನಿಲ್ಲಬೇಕು, ಎಷ್ಟು ಕಾಯಬೇಕು ಎಂಬುದನ್ನು ಅವರು ಬಲ್ಲವರಾಗಿದ್ದರು. ಗೊತ್ತಿಲ್ಲದಂತೆ ತೆಗೆಯುವುದು ಬೇರೆ, ನಾವೇ ಗಮನವಿಲ್ಲದೆ ತೆಗೆಯುವುದು ಬೇರೆ.

ಕೂರಿಸಿ ತೆಗೆಯುವುದಕ್ಕೂ ಒಂದು ಪ್ರಸಂಗ ಹೇಳುತ್ತೇನೆ. 1941ರ ಡಿಸೆಂಬರ್ 30ರಂದು ಬ್ರಿಟನ್ನಿನ ಪ್ರಧಾನಿ ಚರ್ಚಿಲ್ ಒಟ್ಟಾವಾದಲ್ಲಿ ಕೆನಡಾದ ಸಂಸತ್ತಿನಲ್ಲಿ ಭಾಷಣ ಮಾಡಿ ಹೊರಬಂದರು. ಅಲ್ಲಿನ ಛಾಯಾಗ್ರಾಹಕ ಯೂಸುಫ್ ಕಾರ್ಷ್ ದೀಪಗಳನ್ನು ಮೊದಲೇ ಹೊಂದಿಸಿಟ್ಟು ಕಾಯುತ್ತಿದ್ದರು. ಸಿಕ್ಕಿದ್ದು ಕೆಲವೇ ನಿಮಿಷ. ಚರ್ಚಿಲ್ ಚುಟ್ಟಾ ಬಿಡಲೊಲ್ಲರು. ಕಾರ್ಷ್ ಕ್ಷಮೆ ಕೇಳುತ್ತಲೇ ಅದನ್ನು ಬಾಯಿಂದ ಕಿತ್ತುಕೊಂಡು ಬಂದು ಕ್ಲಿಕ್ಕಿಸಿದರು. ಜಗತ್ತು ಯುದ್ಧಕಾಲದ ಛಲವೆಂದು ಕೊಂಡಾಡಿದ ಆ ಗಂಟುಮೋರೆ ಚುಟ್ಟಾ ಹೋದ ಸಿಟ್ಟು. ಅದು ನಾಟಕವೇ? ಸಿಟ್ಟು ಸಹಜವೇ ಆಗಿತ್ತು, ಬರಿಸಿದವರು ಕಾರ್ಷ್. ಮರುಕ್ಷಣವೇ ಚರ್ಚಿಲ್ ನಕ್ಕು ಇನ್ನೊಂದು ತೆಗೆಯಲು ಬಿಟ್ಟರು. ಆ ನಗುಮುಖದ ಚಿತ್ರವೂ ಇದೆ, ಅದನ್ನು ಬಲ್ಲವರು ಕಡಿಮೆ.

ಹಾಗೆಂದು ಅಮ್ಮನ ಕೈಯಿಂದ ಏನನ್ನೂ ಕಿತ್ತುಕೊಳ್ಳಬೇಡಿ. ‘ಸ್ವಲ್ಪ ನಗಿ’ ಎಂದೂ ಹೇಳಬೇಡಿ, ಹಲ್ಲು ಕಾಣುತ್ತದೆ, ನಗು ಬರುವುದಿಲ್ಲ. ಅವರ ಕಾಲದಲ್ಲಿ ಫೋಟೊ ಎಂದರೆ ಸ್ಟುಡಿಯೊಗೆ ಹೋಗಿ ಉಸಿರು ಬಿಗಿಹಿಡಿದು ಕೂರುವುದು. ಬೆನ್ನು ಸೆಟೆದೇ ಸೆಟೆಯುತ್ತದೆ. ಮೊದಲ ಹತ್ತು ಹನ್ನೆರಡು ಫೋಟೊ ಎಣಿಕೆಗಿಲ್ಲ. ಏನಾದರೂ ಮಾತಾಡಿಸುತ್ತಿರಿ.

ಮೊದಲು ಕೇಳಿದವರು (ವಾರದ ನಂತರ): ಸರ್, ಭಾನುವಾರ ಬೆಳಿಗ್ಗೆ ತೆಗೆದೆ. ಮೊದಲ ಇಪ್ಪತ್ತು ಫೋಟೊಗಳಲ್ಲಿ ಅಮ್ಮ ಆಧಾರ್ ಕಾರ್ಡಿನಲ್ಲಿರುವಂತೆಯೇ ಕುಳಿತಿದ್ದಾರೆ. ಕನ್ನಡಕದಲ್ಲಿ ಕಿಟಕಿ ಬಿಳಿಯಾಗಿ ಹೊಳೆದು ಕಣ್ಣೇ ಕಾಣಲಿಲ್ಲ. ಕನ್ನಡಕದ ಕಡ್ಡಿಯನ್ನು ಕಿವಿಯ ಮೇಲೆ ಒಂದಿಷ್ಟು ಎತ್ತಿಟ್ಟಾಗ ಸರಿಹೋಯಿತು. ಮಾತಾಡಿಸಿ ಎಂದಿದ್ದಿರಲ್ಲ, ಏನೂ ತೋಚದೆ, ‘ಅಪ್ಪನ ಫೋಟೊದಲ್ಲಿರುವ ಆ ಹಸಿರು ಅಂಚು ಯಾರದಮ್ಮ?’ ಎಂದು ಕೇಳಿದೆ. ಕನ್ನಡಕದ ಮೇಲಿಂದ ನನ್ನನ್ನೇ ನೋಡಿ, ‘ಯಾರದೋ ಏನು, ನನ್ನದೇ. ಪಕ್ಕದಲ್ಲಿ ನಿಂತಿದ್ದವಳು ನಾನೇ, ನೀವೇ ಕತ್ತರಿಸಿ ಹಾಕಿದಿರಿ’ ಎಂದರು. ಆ ನೋಟ ಸಿಕ್ಕಿದೆ. ನಗುವೋ ಮುನಿಸೋ ಹೇಳಲಾರೆ. ಕೊರಳ ಬಳಿ ಸೆರಗು ಸ್ವಲ್ಪ ಸರಿದಿದೆ. ಆದರೂ ಇದನ್ನೇ ಪ್ರಿಂಟ್ ಹಾಕಿಸಲೆ?

ಉತ್ತರ: ಇದನ್ನೇ. ಸೆರಗು ಹಾಗೆಯೇ ಇರಲಿ. ಸ್ಟುಡಿಯೊದವರಿಗೆ ವಾಟ್ಸ್‌ಆ್ಯಪ್‌ನಲ್ಲಿ ಫೋಟೊ ಆಗಿ ಕಳುಹಿಸಬೇಡಿ, ಕುಗ್ಗಿಹೋಗುತ್ತದೆ. ಡಾಕ್ಯುಮೆಂಟ್ ಆಗಿ ಕಳುಹಿಸಿ, ಇಲ್ಲವೇ ಪೆನ್‌ಡ್ರೈವ್‌ನಲ್ಲಿ ಕೊಡಿ. 12 ಇಂಚು ಎತ್ತರ, 8 ಇಂಚು ಅಗಲಕ್ಕೆ 3600 ಮತ್ತು 2400 ಪಿಕ್ಸೆಲ್ ಇದ್ದರೆ ಧಾರಾಳ. ಗಾಜು ಹಾಕಿಸುವುದಾದರೆ ಮ್ಯಾಟ್ ಕಾಗದವೇ ಇರಲಿ. ಮುಖ ಬೆಳ್ಳಗೆ ಮಾಡಿಕೊಡುತ್ತೇವೆ ಎಂದು ಅವರಾಗಿಯೇ ಕೇಳುತ್ತಾರೆ, ಬೇಡವೆಂದು ಮೊದಲೇ ಹೇಳಿಬಿಡಿ.

ಆ ಮದುವೆಯ ಗ್ರೂಪ್ ಫೋಟೊದ ಮೂಲ ಪ್ರತಿ ಯಾರ ಮನೆಯಲ್ಲಿದೆ? ಸಿಕ್ಕರೆ ಅದನ್ನೂ ಸ್ಕ್ಯಾನ್ ಮಾಡಿಸಿ. ಈ ಸಲ ಇನ್ನೊಂದು ಆಳಿನಷ್ಟು ಅಗಲ ಬಿಟ್ಟು ಕತ್ತರಿಸಲು ಹೇಳಿ.